ನೆಲ ನೋಡಿ ನಡೆಯುವ ಕ್ಯಾಪ್ಟನ್

ಕ್ಯಾಪ್ಟನ್ ಸಾಹೇಬರು ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ. ಉದ್ಯಾನವನ್ನು ಅಡ್ಡಹಾಯ್ದರೆ ಮುಗಿಯುವ ದಾರಿಯನ್ನು ಡಾಂಬರು ರಸ್ತೆಯಲ್ಲಿ ಸುತ್ತಿಬಳಸಿ, ನೆಟ್ಟ ದೃಷ್ಟಿಯನ್ನು ಕೀಳದೆ, ಒಂದೊಂದು ಹೆಜ್ಜೆಗೂ ನೆಲದ ಅಪ್ಪಣೆ ಬೇಡುವಂತೆ ನಡೆಯುತ್ತಿದ್ದ ಆ ನೀಳಕಾಯರನ್ನು ಕಂಡು ಪೇಟೆಯವರು, "ಸಾಹೇಬ್ರ ಸೂಜಿ ಇನ್ನೂ ಸಿಕ್ಕಿಲ್ವಂತೆ" ಎಂದು ನಗುತ್ತಿದ್ದರು. ಬೇಸಗೆಯಲ್ಲೂ ಕೊರಳವರೆಗೆ ಗುಂಡಿ ಹಾಕಿದ ಖಾಕಿ ಕೋಟು, ಮಾತಿನ ಕೊನೆಗೊಂದು "ತಿಳೀತಾ?" ಯುದ್ಧದಲ್ಲಿ ಅವರ ಕೆಲಸ ಹೂತಿಟ್ಟ ಸಿಡಿಮದ್ದನ್ನು ಹುಡುಕುವುದಾಗಿತ್ತೆಂದು ನಗುವವರಿಗೂ ಗೊತ್ತಿತ್ತು.

ಸೈನ್ಯ ಬಿಟ್ಟ ಮೇಲೆ ಅವರು ನಗರಸಭೆಯ ಸದಸ್ಯರಾದರು. ನಾನು ಅಲ್ಲಿ ಎಂಜಿನಿಯರ್. ಮುಚ್ಚಳವಿಲ್ಲದ ಮೋರಿ, ಆರಿದ ಬೀದಿದೀಪ, ಜೋತುಬಿದ್ದ ವಿದ್ಯುತ್ ತಂತಿ, ಯಾವುದು ಕಂಡರೂ ನನ್ನ ಕೊಠಡಿಗೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖಮಾಡಿ ಕೂತುಬಿಡುತ್ತಿದ್ದರು. "ಅಲ್ಲಿ ಕತ್ತಲಿದೆ ಎಂಜಿನಿಯರ್ರೇ. ಕತ್ತಲಲ್ಲೂ ಜನ ನಡೀತಾರೆ. ತಿಳೀತಾ?" ಊರು ಇದನ್ನು ಸೇವೆಯೆಂದಿತು. ಅವರ ಹೆಂಡತಿ ಮಾತ್ರ, "ಸೇವೆನೂ ಇಲ್ಲ ಏನೂ ಇಲ್ಲ, ಹೆದರಿಕೆ ಕಣಪ್ಪ. ನಾನು ಹಿತ್ತಲಿಗೆ ಹೋದ್ರೂ ಬಾಗಿಲಲ್ಲಿ ನಿಂತು ಕಾಯ್ತಾರೆ" ಎನ್ನುತ್ತಿದ್ದರು.

ಊರಂಚಿನ ಬೀದಿಗೆ ಕುಡಿಯುವ ನೀರು ತರಿಸಲು ವರ್ಷಗಟ್ಟಲೆ ಕಾದಾಡಿದವರು ಅವರೇ. ಆ ಕೊಳವೆಗೆಂದು ಬಯಲಿನಲ್ಲಿ ಕಂದಕ ತೋಡುವಾಗ ಒಂದು ಮಧ್ಯಾಹ್ನ ಮಣ್ಣು ಜರಿಯಿತು. ಕೂಲಿಯವನೊಬ್ಬ ಸೊಂಟದವರೆಗೆ ಹೂತುಹೋದ. ಅವನ ತೊಡೆಗೆ ಒತ್ತಿಕೊಂಡು, ತುಕ್ಕು ಹಿಡಿದ ಮೂತಿ ಚಾಚಿ, ಯಾವುದೋ ಹಳೆಯ ಯುದ್ಧದ ಸಿಡಿಯದ ಫಿರಂಗಿ ಗುಂಡೊಂದು ಮೇಲೆದ್ದಿತ್ತು. ಉಳಿದವರು ದಿಕ್ಕಾಪಾಲಾಗಿ ಓಡಿದರು. ಬಾಂಬು ತಜ್ಞರು ಫೋನಿನಲ್ಲಿ, ಯಾರೂ ಮುಟ್ಟಬೇಡಿ, ಹೊರಟಿದ್ದೇವೆ ಎಂದರು.

"ನನ್ನ ಬಿಟ್ಟು ಹೋಗ್ಬೇಡ್ರಪ್ಪಾ!" ಕಂದಕದಿಂದ ಆ ಕೂಗು ಬರುತ್ತಲೇ ಇತ್ತು.

ಸಾಹೇಬರು ರಸ್ತೆಯ ಅಂಚಿನಲ್ಲಿ ಬೂದಿಬಣ್ಣಕ್ಕೆ ತಿರುಗಿ ನಿಂತಿದ್ದರು. ಮುಂದೆ ಮೊಣಕಾಲೆತ್ತರದ ಹುಲ್ಲು. ನಾನು ತೋಳು ಹಿಡಿದೆ. ಕೋಟಿನೊಳಗೆ ಮೈ ಗಡಗಡ ನಡುಗುತ್ತಿತ್ತು. ಅವರು ಕೈ ಬಿಡಿಸಿಕೊಂಡು, ಹುಲ್ಲು ದಾಟಿ, ಮೆಲ್ಲನೆ ಕೆಳಗಿಳಿದು ಅವನ ಪಕ್ಕದಲ್ಲಿ ಕೂತರು.

"ಅಲ್ಲಾಡ್ಬೇಡ. ನಾನಿಲ್ಲೇ ಇರ್ತೀನಿ."

"ನಿಮಗೆ ಭಯ ಆಗಲ್ವಾ ಸಾರ್?"

"ಆಗ್ತಿದೆ. ನಿನ್ನ ಕೈ ಇಷ್ಟು ಗಟ್ಟಿಯಾಗಿ ಯಾಕೆ ಹಿಡ್ಕೊಂಡಿದೀನಿ ಅಂದ್ಕೊಂಡೆ? ಮನೇಲಿ ಯಾರ್ಯಾರಿದಾರೆ, ಹೇಳು."

ಅವನು ಹೇಳುತ್ತಾ ಹೋದ: ತಾಯಿ, ತಂಗಿ, ಆಗತಾನೇ ನಡೆಯಲು ಕಲಿತ ಮಗಳು. ಮಣ್ಣಿನ ಹರಳೊಂದು ಉರುಳಿದರೂ ಇಬ್ಬರ ಮಾತೂ ನಿಲ್ಲುತ್ತಿತ್ತು. ಅವರ ಹೆಜ್ಜೆಗುರುತಿನಲ್ಲೇ ಬಂದು ಮೇಲೆ ನಿಂತಿದ್ದ ನಾನು ತಜ್ಞರ ದಾರಿ ನೋಡುತ್ತಿದ್ದೆ. ತಜ್ಞರು ಬಂದು ಎಷ್ಟು ಗದರಿದರೂ ಸಾಹೇಬರು ಕೈ ಬಿಡಲಿಲ್ಲ. ಗುಂಡು ಅಲುಗದಂತೆ ತಜ್ಞರು ಬೆರಳಿನಿಂದ ಮಣ್ಣು ಕೆದಕಿ ಕೆದಕಿ ಅವನನ್ನು ಬಿಡಿಸಿದಾಗ ಹೊತ್ತು ಇಳಿದಿತ್ತು. ಅವನು ತನ್ನ ಕಾಲ ಮೇಲೆ ತಾನೇ ನಡೆದ. ಸಾಹೇಬರನ್ನು ಇಬ್ಬರು ಹೊತ್ತು ತಂದರು. ಅವರ ಷರಾಯಿ ಒದ್ದೆಯಾಗಿತ್ತು. ಯಾರೂ ನಗಲಿಲ್ಲ.

"ಕೊಳವೆ ದಾರಿ ಬದಲಾಯಿಸಿ. ನೀರು ನಿಲ್ಬಾರ್ದು" ಎಂದರು ನನಗೆ, ಹಲ್ಲು ಕಟಕಟಿಸುತ್ತಲೇ. ನೀರು ಬಂತು. ಧೈರ್ಯಕ್ಕೆಂದು ಏರ್ಪಡಿಸಿದ ಸನ್ಮಾನಕ್ಕೆ ಮಾತ್ರ ಅವರು ಬರಲಿಲ್ಲ.

ಯುದ್ಧದಿಂದ ಮರಳುವವರಲ್ಲಿ ಭಯವನ್ನು ಅಲ್ಲೇ ಬಿಟ್ಟು ಬಂದೆವೆನ್ನುವವರು ಬಹಳ; ಅದನ್ನು ಜೊತೆಗೇ ತಂದು, ಮನೆಯೊಳಗಿಟ್ಟುಕೊಂಡು ಬಾಳುವವರು ಕೆಲವರು. ಈ ಕೆಲವರನ್ನು ಶೂರರೆಂದರೆ ಅವರಿಗೇ ನಾಚಿಕೆ. ಅವರು ಬಲ್ಲದ್ದು ಒಂದೇ: ಹೆದರಿದ ಮನುಷ್ಯನಿಗೆ ಸಾವಿಗಿಂತ ಮೊದಲು ಒಂಟಿತನ ಬಂದು ಮುಟ್ಟುತ್ತದೆ. ಅದು ಮುಟ್ಟುವ ಮುನ್ನ ತಾವು ಮುಟ್ಟಬೇಕೆಂದು ಅವರು ನಡುಗುತ್ತಲೇ ಹೊರಡುತ್ತಾರೆ.