ಸವಳ ದಿಬ್ಬ

ಮನೆಯ ಮಣ್ಣಿನ ಮಾಳಿಗೆಯ ಮೇಲೆ, ಮೂಡಣ ಮೂಲೆಯಲ್ಲಿ ಶಿವಕಾಂತಾಳ ಬಲಗಾಲು ಹಿಮ್ಮಡಿ ಮುಳುಗುವಷ್ಟು ಕುಸಿಯಿತು. ಅವಳು ಕಾಲನ್ನು ಕೂಡಲೇ ಎತ್ತಲಿಲ್ಲ. ಎತ್ತಿದರೆ ಇನ್ನಷ್ಟು ಮಣ್ಣು ಕೆಳಗಿಳಿಯುತ್ತದೆಂದು ಹಾಗೇ ನಿಂತಳು. ಅಷ್ಟರಲ್ಲಿ ಬೆಳಕಿಂಡಿಯಿಂದ ಮಗಳ ದನಿ ಬಂತು.

"ಯವ್ವಾ, ಏನ್ ಮಾಡಾಕತ್ತೀ ಮ್ಯಾಲ? ಕೂಸಿನ ಮ್ಯಾಲ ಮಣ್ಣ ಬೀಳಾಕತ್ತದ."

"ತೊಟ್ಲಾ ಈ ಕಡಿ ಗ್ವಾಡಿಗಿ ಸರಸು."

"ಎಲ್ಲಿ ಸರಸ್ಲಿ? ಆ ಗ್ವಾಡಿ ಹ್ವಾದ ಮಳಿಗೇ ಹಸಿ ಆಗಿ ಕುಂತದ."

ಶೈಲಶ್ರೀ ಬಾಣಂತನಕ್ಕೆ ತವರಿಗೆ ಬಂದವಳು. ಕೂಸಿನ ಹೊಕ್ಕುಳಬಳ್ಳಿ ಮೊನ್ನೆಯಷ್ಟೇ ಉದುರಿತ್ತು. ಶಿವಕಾಂತಾ ಮೆಲ್ಲಗೆ ಕಾಲೆತ್ತಿ, ಕುಸಿದ ತಗ್ಗಿಗೆ ಸುತ್ತಲಿನ ಮಣ್ಣನ್ನೇ ಅಂಗೈಯಿಂದ ಎಳೆದು ತಟ್ಟಿದಳು. ಎಳೆಯಲು ಮಣ್ಣಾದರೂ ಎಲ್ಲಿತ್ತು? ಅಲ್ಲಲ್ಲಿ ಜಂತಿಯ ಮೇಲೆ ಹಾಸಿದ ತೊಗರಿ ಕಟ್ಟಿಗೆ ಎಲುಬಿನಂತೆ ಎದ್ದು ಕಾಣುತ್ತಿತ್ತು.

ಕೆಳಗೆ ಓಣಿಯಲ್ಲಿ ಪಂಚಾಯಿತಿಯ ಆಟೋ ಮತ್ತೊಮ್ಮೆ ಕೂಗುತ್ತ ಹೋಯಿತು. ಸಮುದ್ರದಲ್ಲಿ ಎದ್ದ ಚಂಡಮಾರುತ ತೆಲಂಗಾಣ ದಾಟಿ ಇತ್ತ ಹೊರಳಿದೆ, ಸಂಜೆಯಿಂದ ಜೋರು ಗಾಳಿ ಮಳೆ, ಮಣ್ಣಿನ ಮನೆಯವರು ಶಾಲೆಗೆ ಬಂದಿರಬೇಕು. ಮೂಡಲಿನ ಮುಗಿಲು ಸುಟ್ಟ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಕಿಣ್ಣಿ ಸುಲ್ತಾನ ಊರಿನ ಸುತ್ತಲಿನ ತೊಗರಿ ಹೊಲಗಳು ಹೂವು ಹೊತ್ತುಕೊಂಡೇ ಒಂದೇ ಕಡೆಗೆ ವಾಲುತ್ತಿದ್ದವು.

"ಶಿವಕಾಂತಕ್ಕಾ, ಶಾಲಿಗಿ ಹೋಗ್ತೀಯೇನು?" ಪಕ್ಕದ ಮಾಳಿಗೆಯಿಂದ ನಜಮುನ್ನಿಸಾ ಕೇಳಿದಳು. ಅವಳೂ ಗಂಡ ಖಾದರಸಾಬನೂ ಹರಿದ ತಾಡಪತ್ರಿಯೊಂದನ್ನು ಹಾಸಿ ಅಂಚಿಗೆ ಕಲ್ಲು ಹೇರುತ್ತಿದ್ದರು.

"ಹೋಗ್ತೇನಿ. ಜೀವ ಹೊತ್ಕೊಂಡು ಹೋಗಬೌದು ನಜಮಾ. ಗ್ವಾಡಿ ಯಾರ ಹೊತ್ಕೊಂಡ ಬರ್ತಾರ?"

ಎರಡೂ ಮನೆಗೆ ನಡುಗೋಡೆ ಒಂದೇ. ಹಿರಿಯರು ಕಟ್ಟುವಾಗಲೇ ಎರಡೂ ಕಡೆಯ ಜಂತಿಗಳನ್ನು ಒಂದೇ ಗೋಡೆಯ ಮೇಲೆ ಕೂಡಿಸಿದ್ದರು. ಒಂದು ಮಾಳಿಗೆ ಸೋರಿದರೆ ಇನ್ನೊಂದರ ಬುಡ ತೋಯುತ್ತಿತ್ತು.

ಮಾಳಿಗೆಗೆ ಬೇಕಾಗಿದ್ದುದು ಸವಳು ಮಣ್ಣು. ಊರ ಹೊರಗಿನ ದಿಬ್ಬದಲ್ಲಿ ಸಿಗುವ ಆ ಬೂದಿಬಣ್ಣದ ಉಪ್ಪು ಮಣ್ಣಿನಲ್ಲಿ ಹುಲ್ಲು ಕೂಡ ಹುಟ್ಟುವುದಿಲ್ಲ. ಆದರೆ ಒಮ್ಮೆ ನೀರು ಕುಡಿದು ಕಚ್ಚಿಕೊಂಡಿತೆಂದರೆ ಹನಿಯನ್ನೂ ಕೆಳಗಿಳಿಸುವುದಿಲ್ಲ. ಒಲೆಗೆ ಕೆಂಡ, ಕುಡಿಯಲು ನೀರು, ಮಾಳಿಗೆಗೆ ಮಣ್ಣು ಕೇಳಿದವರಿಗೆ ಇಲ್ಲವೆನ್ನಬಾರದು ಅಂತ ಊರಿನ ಮಾತು. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ಎಲ್ಲರೂ ಹೋಗಿ ಅಗೆದು ತರುತ್ತಿದ್ದರು. ಈ ಬೇಸಿಗೆಯಲ್ಲಿ ಆಳಂದದ ಹಣಮಂತರಾಯ ಸುತ್ತಲಿನ ಹೊಲ ಕೊಂಡವನು, ದಿಬ್ಬವನ್ನೂ ಒಳಗೆ ಹಾಕಿ ತಂತಿ ಬೇಲಿ ಹೊಡೆಸಿಬಿಟ್ಟ. ದಿಬ್ಬ ತನ್ನ ಅಳತೆಗೆ ಬರುತ್ತದೆಂದು ಅವನು, ಅದು ಊರಿಗೆಲ್ಲ ಬಿಟ್ಟ ಸರಕಾರಿ ಗಾಯರಾಣವೆಂದು ಊರವರು. ಮಾತು ಮುಗಿಯುವ ಮೊದಲೇ ಮಿರಗ ಬಂದು ಹೋಯಿತು. ಮಾಳಿಗೆಗಳು ಹಾಗೇ ಉಳಿದವು.

ಬೇಲಿಯ ಕಾವಲಿಗೆ ಹಣಮಂತರಾಯ ಇಟ್ಟುಕೊಂಡಿದ್ದು ಶಿವಕಾಂತಾಳ ಗಂಡ ಮಾಳಿಂಗನನ್ನು.

"ಏನಬೇ ಶಿವಕಾಂತಾ, ಮ್ಯಾಲ ನಿಂತು ಮೋಡಕ್ಕ ಬೈತೀಯೇನು?" ಓಣಿಯ ಹಿರಿಯಳಾದ ಬಾಳಮ್ಮ ಬುಟ್ಟಿ ಬೋರಲು ಹಾಕಿ ತಲೆಯ ಮೇಲಿಟ್ಟುಕೊಂಡು ಬಾಗಿಲ ಮುಂದೆ ನಿಂತಿದ್ದಳು. ಹಿಂದೆ ಇನ್ನಷ್ಟು ಹೆಂಗಸರು, ಕೈಯಲ್ಲಿ ಸಲಿಕೆ. "ನಿನ್ನ ಗಂಡನ ಟೊಂಕದಾಗ ಕೀಲಿಕೈ ಜೋತಾಡಾಕತ್ತದ."

"ಕೀಲಿಕೈ ಅವರದಲ್ಲ, ಬಾಳತ್ತಿ."

"ಟೊಂಕಂತೂ ಅವಂದೇ ಹೌದಲ್ಲ."

ಶಿವಕಾಂತಾ ಏಣಿ ಇಳಿದು ಬುಟ್ಟಿ ಎತ್ತಿಕೊಂಡಳು.

ದಿಬ್ಬದ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಅರ್ಧ ಊರೇ ಕೂಡಿತ್ತು. ಖಾದರಸಾಬ ಎತ್ತಿನ ಗಾಡಿಯನ್ನೇ ಹೂಡಿಕೊಂಡು ಬಂದಿದ್ದ. ಮಾಳಿಂಗ ಕೋಲು ಅಡ್ಡ ಹಿಡಿದು ಗೇಟಿಗೆ ಬೆನ್ನು ಹಚ್ಚಿ ನಿಂತಿದ್ದ. ಹೆಂಡತಿಯನ್ನು ಗುಂಪಿನಲ್ಲಿ ಕಂಡು ಅವನ ಕೋಲು ತುಸು ಇಳಿಯಿತು.

"ಬರಬ್ಯಾಡ್ರಿ. ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ."

"ನಿನ್ನ ಹೊಟ್ಟಿ ತಗೊಂಡು ಏನ್ ಮಾಡೋದೋ," ಎಂದಳು ಬಾಳಮ್ಮ. "ಅದನ್ನ ಮಾಳಿಗಿಗಿ ಹಾಸಾಕ ಬರ್ತದೇನು?"

ನಗುವಿನ ನಡುವೆ ಖಾದರಸಾಬ ಮುಂದೆ ಬಂದ. "ಮಾಳಿಂಗಾ, ಸಾವ್ಕಾರಗ ಫೋನ್ ಹಚ್ಚು. ಒಂದ್ ಮಾತು ಕೇಳು. ಕೇಳ್ದೇ ಒಳಗ ಹೊಗೂ ಮಂದಿ ಅಲ್ಲ ನಾವು."

ಮಾಳಿಂಗ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಎತ್ತಿ ಹಿಡಿದ. ಗಾಳಿಯಲ್ಲಿ ಹಣಮಂತರಾಯನ ದನಿ ಹರಿದು ಹರಿದು ಬಂತು. ಸಿಟ್ಟಿನ ದನಿಯಲ್ಲ.

"ನಿನ್ನ ಮನಿ ಸೋರ್ತದೇನು ಮಾಳಿಂಗಾ? ಮಗಳು ಬಾಣಂತಿ ಅದಾಳ ಅಂದಿದ್ದೆಲ್ಲ."

"ಹೌದ್ರಿ."

"ಹಂಗಾರ ನಿನ್ನ ಮನಿಗಿ ಬೇಕಾದಷ್ಟು ಒಯ್ಯಿ. ನಿನ್ನ ಮನಿಯವರು ಎಷ್ಟ ಬುಟ್ಟಿ ಹೊತ್ತರೂ ನಾ ಕೇಳಾಂಗಿಲ್ಲ. ಉಳಿದವರದು ಒಂದ್ ಕಾಲು ಒಳಗ ಬೀಳಬಾರ್ದು. ಇವತ್ತ ಮಣ್ಣ ಅಂತಾರ, ನಾಳಿ ಊರಿನ ಹಕ್ಕು ಅಂತ ಕೋರ್ಟಿನ್ಯಾಗ ನಿಂದರ್ತಾರ. ಕ್ಯಾಮೆರಾದಾಗ ನೋಡಾಕತ್ತೇನಿ, ನೆನಪಿರ್ಲಿ."

ಫೋನು ಕಟ್ಟಾಯಿತು. ಗೇಟಿನ ಪಕ್ಕದ ಕಂಬದ ಮೇಲೆ ಕ್ಯಾಮೆರಾ ಗಾಳಿಗೆ ಸಣ್ಣಗೆ ಅಲುಗುತ್ತಿತ್ತು.

ಎಲ್ಲರೂ ಶಿವಕಾಂತಾಳನ್ನು ನೋಡಿದರು. ನಜಮುನ್ನಿಸಾ ತಾನಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಹೋಗಕ್ಕಾ, ಜಲ್ದಿ ತುಂಬ್ಕೋ. ಹಸಿ ಕೂಸು ಅದ. ನಮ್ದು ಏನಾರ ಆಗ್ತದ."

ಯಾರಾದರೂ ಚುಚ್ಚಿ ಮಾತಾಡಿದ್ದರೆ ಶಿವಕಾಂತಾ ಒಳಗೆ ಹೋಗಿಬಿಡುತ್ತಿದ್ದಳೇನೋ. ಕೂಸಿನ ನೆತ್ತಿ ಇನ್ನೂ ಬಡಿದುಕೊಳ್ಳುತ್ತಿರುವುದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಮಣ್ಣು ಅಲ್ಲೇ, ಕೈಯಳತೆಯಲ್ಲಿತ್ತು. ಆದರೆ ಹೀಗೆ ಎಲ್ಲರೂ ಸರಿದು ನಿಂತು ತನ್ನನ್ನೊಬ್ಬಳನ್ನೇ ಒಳಗೆ ಕಳಿಸುವುದು ಅವಳಿಗೆ ಸೇರಲಿಲ್ಲ. ನೋಡನೋಡುತ್ತ ಸಿಟ್ಟು ಬಂತು. ಯಾರ ಮೇಲೆಂದು ಅವಳಿಗೂ ಹೊಳೆಯಲಿಲ್ಲ.

ಅವಳು ಬುಟ್ಟಿ ಕೆಳಗಿಟ್ಟಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮದುವೆಮನೆಯ ಹೊಸ್ತಿಲಲ್ಲಿ ನಾದಿನಿಯರು ಅಡ್ಡಗಟ್ಟಿ ಗಂಡನ ಹೆಸರು ಹೇಳಿಸುವಾಗ ನಿಲ್ಲುವಂತೆ ನಿಂತಳು. ಮದುವೆಯಾದಾಗ ಹೇಳಿದ್ದೇ ಕೊನೆ, ಆ ಹೆಸರು ಅವಳ ಬಾಯಿಂದ ಹೊರಬಿದ್ದಿರಲಿಲ್ಲ.

"ಮಣ್ಣಿಗಿ ಬೇಲಿ, ಬೇಲಿಗಿ ಬೀಗ,
ಮಾಳಿಂಗರಾಯರು ತಗೀತಾರ ಈಗ."

ಬಾಳಮ್ಮ ಕೇಕೆ ಹಾಕಿದಳು, ಹೆಂಗಸರೆಲ್ಲ ನಕ್ಕರು. ಮಾಳಿಂಗ ಕೆಂಪಾದ.

"ಹುಚ್ಚಿ ಅದೀಯೇನು? ತಗೀತೇನಿ. ನಮ್ಮ ಮನಿಗಿ ಒಯ್ಯಿ ಅಂತ ಸಾವ್ಕಾರ್ರೇ ಅಂದ್ರಲ್ಲ."

"ಮತ್ತ ಇವರೆಲ್ಲ ಯಾರ ಮನಿಯವರು?" ಎಂದಳು ಶಿವಕಾಂತಾ. "ಕೇಳ್ರಿ ಒಬ್ಬೊಬ್ಬರಿಗಿ."

ಮಾಳಿಂಗ ಅವಳನ್ನೇ ನೋಡಿದ. ಅವಳ ಮುಖದಲ್ಲಿ ನಗು ಇರಲಿಲ್ಲ. ಅವನು ಕಂಬದ ಕಡೆಗೊಮ್ಮೆ ಕತ್ತೆತ್ತಿದ. ಟೊಂಕದಿಂದ ಕೀಲಿಕೈ ಬಿಚ್ಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ. ಗೇಟು ತೆರೆದ ಮೇಲೂ ಕೋಲನ್ನು ಅಡ್ಡವೇ ಹಿಡಿದಿದ್ದ.

"ಯಾರ ಮನಿಯವರು?" ಎಂದು ಬಾಳಮ್ಮನನ್ನು ಕೇಳಿದ. ದನಿ ಕಾವಲುಗಾರನದೇ.

"ಮಾಳಿಂಗನ ಮನಿಯಾಕಿ. ಅವರ ಅತ್ತಿ."

"ನಮ್ಮತ್ತಿ ಸತ್ತು ಹ್ವಾದಳು."

"ಸತ್ತಿದ್ದೆ. ತುಫಾನ ಬರ್ತದಂತ ತಿರುಗಿ ಬಂದೇನಿ. ಸರಿಯೋ."

ಕೋಲು ಮೇಲೆದ್ದಿತು. ಖಾದರಸಾಬ ಎತ್ತುಗಳ ಹಗ್ಗ ಹಿಡಿದು, ನಾನು ನಿಮ್ಮಣ್ಣ ಎಂದ. ನಜಮುನ್ನಿಸಾಳ ಸರದಿ ಬಂದಾಗ ಅವಳು ಒಮ್ಮೆ ಶಿವಕಾಂತಾಳ ಕಡೆ ನೋಡಿದಳು.

"ಅದೇ ಮನಿ," ಎಂದಳು ಕೊನೆಗೆ. "ಗ್ವಾಡಿ ಆ ಕಡಿ ಇರ್ತೇನಿ."

ಅರ್ಧ ಜನವೂ ಒಳಗೆ ಹೋಗಿರಲಿಲ್ಲ, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಾಳಿಂಗ ಅದನ್ನು ಈ ಸಲವೂ ಎತ್ತಿ ಹಿಡಿದ.

"ಯಾರೋ ಅವರೆಲ್ಲ? ಗಾಡಿ ಬ್ಯಾರೆ ಹೊಕ್ಕದ."

"ನಮ್ಮ ಮನಿಯವರ್ರಿ ಸಾವ್ಕಾರ್ರ."

"ಅಷ್ಟು ಮಂದಿ?"

"ಮನಿ ದೊಡ್ಡದದರಿ."

ಸಲಿಕೆಗಳು ನಿಂತವು. ಶಿವಕಾಂತಾ ಗಂಡನ ಕತ್ತಿನ ನರವನ್ನೇ ನೋಡುತ್ತ ನಿಂತಳು.

"ನಾಳಿಂದ ನೀ ಬರಬ್ಯಾಡ," ಎಂದ ಹಣಮಂತರಾಯ.

"ಆಯ್ತ್ರಿ," ಎಂದ ಮಾಳಿಂಗ. "ಇವತ್ತಿನ ಮಟ ಕಾಯ್ತೇನಿ."

ಫೋನನ್ನು ಅಂಗಿಯ ಕಿಸೆಗೆ ಇಳಿಬಿಟ್ಟು, ಮುಂದೆ ನಿಂತವಳ ಕಡೆ ತಿರುಗಿ, "ಯಾರ ಮನಿಯವರು?" ಎಂದ.

ಆಮೇಲೆ ಯಾರಿಗೂ ಮಾತಿಗೆ ಪುರುಸೊತ್ತಿರಲಿಲ್ಲ. ಬುಟ್ಟಿಗಳು ತಲೆಯಿಂದ ತಲೆಗೆ, ಏಣಿಯಿಂದ ಮಾಳಿಗೆಗೆ ಹೋದವು. ಗಾಳಿ ಹಸಿಯಿಲ್ಲದ ಮಣ್ಣನ್ನು ಹಾರಿಸಿಕೊಂಡು ಹೋಗದಂತೆ ಒಬ್ಬರು ಸುರಿದ ಕೂಡಲೇ ಇನ್ನೊಬ್ಬರು ನೀರು ಚಿಮುಕಿಸಿ ತುಳಿಯುತ್ತಿದ್ದರು. ಸೀರೆ ಮೊಣಕಾಲಿಗೆ ಕಟ್ಟಿದ ಹೆಂಗಸರು, ಪೈಜಾಮ ಮಡಿಸಿದ ಗಂಡಸರು. ದೂರದಿಂದ ನೋಡಿದವರಿಗೆ ಊರಿನ ಮಾಳಿಗೆಗಳ ಮೇಲೆ ಸುಗ್ಗಿಯ ರಾಶಿ ನಡೆದಿದೆ ಎನಿಸುವಂತಿತ್ತು. ಆಟೋ ಮತ್ತೆ ಬಂದು, ಶಾಲೆಗೆ ಬನ್ನಿ ಎಂದು ಕೂಗಿತು. "ಬರ್ತೀವೋ, ಕಾಲ ತೊಳ್ಕೊಂಡು ಬರ್ತೀವಿ," ಎಂದು ಬಾಳಮ್ಮ ಮೇಲಿಂದ ಉತ್ತರ ಕೊಟ್ಟಳು. ಯಾರೂ ಇಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ, ಯಾರೂ ಶಾಲೆಗೆ ಹೊರಡುವ ಮೊದಲೇ, ಮಳೆ ಬಂತು. ಬರುವಾಗಲೇ ಅಡ್ಡಲಾಗಿ, ಗೋಡೆಗೆ ಉಸುಕು ಎರಚಿದಂತೆ ಬಂತು. ಕರೆಂಟು ಹೋಯಿತು. ಕೊನೆಯ ಗಾಡಿಯನ್ನು ಹೊರಗೆ ಬಿಟ್ಟು ಮಾಳಿಂಗ ಮನೆ ಸೇರಿದಾಗ ಅವನ ಅಂಗಿ ಮೈಗೆ ಅಂಟಿತ್ತು. ಶಿವಕಾಂತಾ ಒಣ ಟಾವೆಲು ಕೊಟ್ಟಳು. ಅವನು ತಲೆ ಒರೆಸಿಕೊಳ್ಳುತ್ತ ಒಲೆಯ ಮುಂದೆ ಕೂತ.

"ನನ್ನ ಹೆಸರು ಅಷ್ಟು ಜೋರ ಹೇಳೋದೇನು? ಆಳಂದದ ಮಟ ಕೇಳಿರಬೇಕು."

"ಕ್ಯಾಮೆರಾಕ್ಕ ಕಿವಿ ಇರ್ತಾವೇನ್ರಿ?"

"ಯಾರಿಗೊತ್ತು." ಟಾವೆಲನ್ನು ಹೆಗಲಿಗೆ ಹಾಕಿಕೊಂಡು ಅಂದ, "ಬ್ಯಾರೆ ಕೆಲಸ ನೋಡಬೇಕು."

"ನೋಡೂಣು."

ಒಳಕೋಣೆಯಿಂದ ಶೈಲಶ್ರೀ ಕರೆದಳು. ನಡುಗೋಡೆಯ ಮಗ್ಗುಲಲ್ಲಿ, ಎರಡು ಜಂತಿಗಳ ಸಂದಿನಿಂದ ಒಂದು ಹನಿ ಬಿದ್ದಿತ್ತು. ಮೂವರೂ ಕತ್ತೆತ್ತಿ ನಿಂತರು. ಇನ್ನೊಂದು ಬಿತ್ತು. ಮಾಳಿಂಗ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೇರಿಸಿಕೊಂಡು ಹೊರಟ. ಏಣಿ ಗಾಳಿಗೆ ಕಿರುಗುಟ್ಟಿತು. ತುಸು ಹೊತ್ತಿಗೆ ಅವನ ಹೆಜ್ಜೆಗಳು ತಲೆಯ ಮೇಲೆ ಕೇಳಿದವು. ಹಿಮ್ಮಡಿ ಊರಿ, ಬೆರಳು ಒತ್ತಿ, ಹಸಿ ಮಣ್ಣನ್ನು ಅಂಗುಲ ಅಂಗುಲವಾಗಿ ತುಳಿಯುವ ನಿಧಾನದ ಹೆಜ್ಜೆ.

ಶಿವಕಾಂತಾ ಕಂದೀಲು ಹಚ್ಚಿ ಮೊಳೆಗೆ ತೂಗುಹಾಕಿದಳು. ಮಗಳು ಕೂಸನ್ನು ಮೊಲೆಗೆ ಹಚ್ಚಿಕೊಂಡು ಗೋಡೆಯಿಂದ ದೂರ ಕೂತಿದ್ದಳು. ಗೋಡೆಯ ಆಚೆ ನಜಮುನ್ನಿಸಾ ಯಾರಿಗೋ ಕೂಗಿ ಏನೋ ಹೇಳಿದಳು, ಮಳೆಯಲ್ಲಿ ಅರ್ಥವಾಗಲಿಲ್ಲ. ಮೇಲಿನ ಹೆಜ್ಜೆಗಳು ನಡುಗೋಡೆಯ ತನಕ ಬಂದವು, ನಿಂತವು, ಮತ್ತೆ ದಾಟಿ ಆ ಕಡೆಗೆ ಹೋದವು. ಅಲ್ಲಿ ಇನ್ನೊಂದು ಜೋಡಿ ಕಾಲು ಅವುಗಳೊಂದಿಗೆ ಕೂಡಿತು.

ಹನಿ ಬಿದ್ದ ಜಾಗಕ್ಕೆ ಶಿವಕಾಂತಾ ಅಂಗೈ ಒಡ್ಡಿ, ಮುಂದಿನ ಹನಿ ಬೀಳುವುದೋ ಇಲ್ಲವೋ ಎಂದು ಕತ್ತೆತ್ತಿಕೊಂಡು ಕೂತಿದ್ದಳು.