ಪುರಾವೆ ಒಂದು ಬುಟ್ಟಿ

ಕೊಳೆತ ತೆಂಗಿನ ಸಿಪ್ಪೆಯ ವಾಸನೆ ನಮ್ಮ ಮೈಗೆ ಹತ್ತಿ ಎಷ್ಟೋ ವರ್ಷಗಳಾದವು. ಸೋಪು ಸವೆಯುತ್ತದೆ, ವಾಸನೆ ಹೋಗುವುದಿಲ್ಲ. ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಯಾವಾಗಲೂ ಖಾಲಿ. ಕಾಲು ಚಾಚಿ ಕೂರುತ್ತೇವೆ, ನಮಗೇನು!

ಹಿನ್ನೀರಿನ ಅಂಚಿನ ಗುಂಡಿಗಳಲ್ಲಿ ಸಿಪ್ಪೆ ತುಂಬಿ, ಮೇಲೆ ಕೆಸರು ಹೇರಿ ಹತ್ತು ತಿಂಗಳು ಬಿಡುತ್ತೇವೆ. ಉಬ್ಬರದ ಉಪ್ಪುನೀರು ದಿನಾ ಬಂದು ಹೋದರೆ ಮಾತ್ರ ಒಳ್ಳೆಯ ನಾರು. ಆಮೇಲೆ ಬಡಿಯುವುದು, ಹುರಿ ಹೊಸೆಯುವುದು, ಉಣ್ಣುವುದು. ಹೋದ ವರ್ಷ ಆ ನೀರು ಬರುವ ಕಾಲುವೆಗೆ ಅಡ್ಡವಾಗಿ ರೆಸಾರ್ಟಿನ ಗೋಡೆ ಎದ್ದಿತು. ಪಂಚಾಯ್ತಿ ಪಾಸು ಮಾಡಿದ ನಕ್ಷೆಯಲ್ಲಿ ಕಾಲುವೆಯೇ ಇರಲಿಲ್ಲ! ಗೋಡೆಯ ಮುಂದೆ ಕೂತು ಕೂಗಾಡಿ ಕೊನೆಗೂ ಅದನ್ನು ಒಡೆಸಿದೆವು. ನೀರು ಬಂತು. ಅಷ್ಟರಲ್ಲಿ ಹದಿನಾಲ್ಕು ಜನರ ಸಿಪ್ಪೆ ಕಪ್ಪಾಗಿ ಕೆಟ್ಟಿತ್ತು. ನಮ್ಮ ಒಂದು ವರ್ಷದ ಅನ್ನ ಅದು.

ಪರಿಹಾರ ಕೇಳಲು ವಿಲಾಸಿನಿ ಚೇಚಿ, ಅಂದರೆ ನಮ್ಮೆಲ್ಲರ ವಿಲಾಸಿನಿ ಅಕ್ಕ, ಆರು ಸಲ ಪಂಚಾಯ್ತಿಗೆ ಅಲೆದಳು. ಅರವತ್ತು ದಾಟಿದವಳು, ನಮ್ಮೆಲ್ಲರಿಗಿಂತ ಬಾಯಿ ಜೋರು. ಏಳನೇ ಸಲ ನಾನೂ ಹೋದೆ.

"ಅರ್ಜಿ ಸರಿಯಾಗಿದೆ," ಅಂದ ಸೆಕ್ರೆಟರಿ ಶಶಿಧರನ್. "ನಷ್ಟ ಆಗಿದೆ ಅನ್ನೋಕೆ ಪುರಾವೆ ಎಲ್ಲಿ ಚೇಚಿ?"

"ಗುಂಡಿ ಹತ್ರ ಬಂದು ನೋಡಿ ಸಾರ್."

"ನಾನು ಬರೋ ಹಾಗಿಲ್ಲ. ನೀವೇ ತಂದು ಹಾಜರುಪಡಿಸ್ಬೇಕು. ರೂಲು."

"ಹಾಗಂತ ಬರ್ಕೊಡಿ."

ಬರೆದುಕೊಟ್ಟ. ನಮ್ಮನ್ನು ಸಾಗಹಾಕಿದರೆ ಸಾಕಾಗಿತ್ತು ಅವನಿಗೆ.

ಸೋಮವಾರ ಚೇಚಿ ಕೆಟ್ಟ ಸಿಪ್ಪೆಯ ಬುಟ್ಟಿ ಹೊತ್ತು ಕಚೇರಿಯ ಮೆಟ್ಟಿಲು ಹತ್ತಿದಳು. ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಮಾಯ! ನಮ್ಮ ಕಡೆ ಕಚೇರಿಗೆ ಏನೇ ಕೊಡಲಿ, ರಸೀತಿ ಪಡೆಯದೆ ಯಾರೂ ಕದಲುವುದಿಲ್ಲ. ಗುಮಾಸ್ತೆ ಲೈಲಾ ಮೂಗು ಮುಚ್ಚಿಕೊಂಡು, ಬೇಗ ತೊಲಗಲಿ ಅಂತ ರಸೀತಿ ಬರೆದು ಮುದ್ರೆ ಒತ್ತಿದಳು: 'ಅರ್ಜಿ ಒಂದು, ಪುರಾವೆ ಒಂದು ಬುಟ್ಟಿ'. ಅಲ್ಲೇ ಅವರ ಕೆಲಸ ಕೆಟ್ಟದ್ದು.

ನಾವು ಗೇಟು ದಾಟುವಷ್ಟರಲ್ಲಿ ಸೆಕ್ರೆಟರಿ ಓಡಿ ಬಂದ.

"ಚೇಚಿ, ತಗೊಂಡ್ಹೋಗಿ ಅದನ್ನ!"

"ಅಯ್ಯೋ, ರಸೀತಿ ಕೊಟ್ಟಾಯ್ತಲ್ಲ ಸಾರ್. ಈಗದು ಸರ್ಕಾರದ್ದು. ಎತ್ಕೊಂಡು ಹೋದ್ರೆ ಕಳ್ಳತನ. ಈ ವಯಸ್ಸಲ್ಲಿ ಜೈಲಿಗೆ ಕಳಿಸ್ತೀರಾ?"

ಪುರಾವೆಯನ್ನು ಎಸೆಯುವ ಧೈರ್ಯ ಅವನಿಗೂ ಇರಲಿಲ್ಲ. ಮಂಗಳವಾರ ನಾತ ತಾಳದೆ ಕಚೇರಿಯೇ ಮೇಜು ಕುರ್ಚಿ ಸಮೇತ ಜಗಲಿಗೆ ಬಂತು. ಬುಧವಾರ ಮಾವಿನ ಮರದ ಕೆಳಗೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗುರುವಾರ ಚೇಚಿಗೆ ಕರೆ ಬಂತು. ನಾನೂ ಸೆಕ್ರೆಟರಿಯ ಮಹಡಿ ಕೋಣೆಗೆ ಹೋದೆ.

"ನಿಮ್ಮದೊಬ್ಬರದ್ದು ಇವತ್ತೇ ಪಾಸು ಮಾಡ್ತೀನಿ," ಅಂದ ಸೆಕ್ರೆಟರಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. "ಸೈನ್ ಹಾಕಿ, ಬುಟ್ಟಿ ಎತ್ಕೊಂಡು ಹೋಗಿ. ಉಳಿದವರ ಸುದ್ದಿ ನಿಮಗ್ಯಾಕೆ?"

ಪೆನ್ನು ಚಾಚಿದ. ಅವಳ ಮನೆಯ ಅಕ್ಕಿ ಡಬ್ಬ ಖಾಲಿ ಅಂತ ನನಗೆ ಗೊತ್ತು. ಸಹಿ ಹಾಕಿದ್ದರೆ ಅವಳನ್ನು ಬೈಯುವ ಬಾಯಿ ನನಗಿರಲಿಲ್ಲ.

ಚೇಚಿ ಪೆನ್ನು ಇಸಿದುಕೊಂಡು ಅವನ ಜೇಬಿಗೇ ಸಿಕ್ಕಿಸಿದಳು.

"ಸೆಕೆ ಸಾರ್. ಕಿಟಕಿ ತೆಗೀರಿ."

ತೆಗೆದ. ಕೆಳಗೆ ಗೇಟಿನವರೆಗೂ ನಮ್ಮ ಹೆಂಗಸರು, ತಲೆ ಮೇಲೆ ಒಂದೊಂದು ಬುಟ್ಟಿ. ಕೆಲವರಂತೂ ಮೇಲೆ ನೋಡಿ ಕೈ ಬೀಸಿದರು.

"ಹದಿನಾಲ್ಕು ಹೆಸರೂ ಒಂದೇ ಆರ್ಡರಲ್ಲಿ ಬರೀರಿ," ಅಂದಳು ಚೇಚಿ. "ಇಲ್ಲಾಂದ್ರೆ ಇವರು ಬುಟ್ಟಿ ಎಲ್ಲಿಳಿಸ್ಬೇಕು, ಜಾಗ ತೋರ್ಸಿ."