ಇಷ್ಬೆಲ್ ಹೇಳಿದ ‘ಎತ್ತಿಕೋ’

ಎಫಿ ಗೆಡ್ಡಿಸ್‌ಗೆ ಊರಿಟ್ಟ ಹೆಸರು ‘ಇನ್ನೇನು ಎಫಿ’. ಫೈಫ್ ಸೀಮೆಯ ಕಡಲಂಚಿನ ಆ ಊರಿನ ಗಾಲ್ಫ್ ಮೈದಾನದಲ್ಲಿ ಹೆಂಗಸರ ಪಂದ್ಯದ ಬೆಳ್ಳಿ ಬಟ್ಟಲು ಕಳೆದ ಏಳು ವರ್ಷವೂ ಇನ್ನೇನು ಕೈಗೆ ಬಂತು ಅನ್ನುವಾಗ ಕೊನೆಯ, ಹದಿನೆಂಟನೆಯ ಗುಳಿಯಲ್ಲಿ ಜಾರಿತ್ತು. ಏಳು ಸಲವೂ ಗೆದ್ದವಳು ಬೇಕರಿಯ ಇಷ್ಬೆಲ್ ರ್ಯಾಟ್ರೆ. ಎಫಿಯ ಮೀನಂಗಡಿಗೆ ಬಂದವರೂ, “ಇನ್ನೇನು ಎಫಿ, ಎರಡು ಹ್ಯಾಡಕ್ ಕೊಡು” ಅನ್ನುತ್ತಿದ್ದರು. ನಗುತ್ತಲೇ ಕೊಡುತ್ತಿದ್ದಳು, ಮೀನಿನ ಕತ್ತಿ ಮಾತ್ರ ಹಲಗೆಗೆ ಜೋರಾಗಿ ಬೀಳುತ್ತಿತ್ತು.

ಈ ವಸಂತದಲ್ಲಿ ಹಟ ಹಿಡಿದು, ಮೈದಾನದ ಹುಲ್ಲು ಸಾಕಿ ನಿವೃತ್ತನಾಗಿದ್ದ ವಾಟಿ ಲಮ್ಸ್‌ಡೆನ್ ಬಳಿ ಪಾಠಕ್ಕೆ ನಿಂತಳು.

“ಮೀನು ಕೊಚ್ಚೋ ಹಾಗೆ ಹೊಡೀಬೇಡ ಕಣಮ್ಮ. ಚೆಂಡು ನಿಂಗೇನು ಮಾಡಿದೆ? ಕೋಲು ಬೀಸು. ಚೆಂಡು ದಾರೀಲಿ ಸಿಕ್ಕಿದ್ರೆ ಸಿಗ್ಲಿ” ಎಂದ ಮುದುಕ.

ಮೂರು ತಿಂಗಳು ಬೀಸಿದಳು. ಅಂಗೈಗೆ ಬೊಕ್ಕೆ ಬಂತು, ಬೀಸಿಗೆ ಹದ ಬಂತು. ಆದರೆ ಮೂರಡಿಯಿಂದ ತಳ್ಳಿದ ಚೆಂಡು ಮಾತ್ರ ಗುಳಿಯ ಅಂಚು ಸವರಿ ಹೋಗುತ್ತಿತ್ತು.

“ಪಂದ್ಯದಲ್ಲಿ ಇಂಥವು ಎಷ್ಟು ತಳ್ಳಿದೀಯ?” ಎಂದು ಕೇಳಿದ ವಾಟಿ.

“ಇಷ್ಬೆಲ್ ತಳ್ಳೋಕೇ ಬಿಡಲ್ಲ. ಒಳ್ಳೇವಳು, ‘ಎತ್ತಿಕೋ’ ಅಂತಾಳೆ.”

ಗುಳಿ ಹತ್ತಿರದ ಚೆಂಡನ್ನು ಎದುರಾಳಿ ‘ಎತ್ತಿಕೋ’ ಎಂದರೆ ಅದು ಬಿದ್ದ ಹಾಗೆಯೇ.

“ಕೊನೇ ಗುಳೀಲಿ?”

“ಅಲ್ಲಿ... ಬಾಯೇ ಬಿಡಲ್ಲ.”

“ಪೆದ್ದಿ! ಹದಿನೇಳು ಗುಳಿ ಸಕ್ಕರೆ ತಿನ್ನಿಸಿ, ನಿನ್ನ ಕೈಗೆ ತುಕ್ಕು ಹಿಡಿಸಿದಾಳೆ. ನಾಳೆಯಿಂದ ಅಂಗಡಿ ತೆಗೆಯೋ ಮುಂಚೆ ನೂರು ತಳ್ಳು. ಅವಳು ಎತ್ತಿಕೋ ಅಂದ್ರೂ ತಳ್ಳೇ ಬಿಡು, ಯಾವ ನಿಯಮಾನೂ ಬೇಡ ಅನ್ನಲ್ಲ.”

ಪಂದ್ಯದ ದಿನ ಮೊದಲ ಗುಳಿಯಲ್ಲೇ ಇಷ್ಬೆಲ್ ಜೇನು ಸುರಿಸಿದಳು. “ಎತ್ತಿಕೋ ಎಫಿ, ನನ್ನ ಚಿನ್ನ.”

“ಥ್ಯಾಂಕ್ಸ್ ಕಣೇ. ಆದ್ರೂ ಬೀಳೋ ಸದ್ದು ಕೇಳಬೇಕು ಅನ್ನಿಸ್ತಿದೆ.” ಎಫಿ ತಳ್ಳಿದಳು. ಟಣಕ್.

ಎರಡನೆಯದರಲ್ಲೂ ಟಣಕ್. ಹತ್ತನೆಯ ಗುಳಿಯ ಹೊತ್ತಿಗೆ ಇಷ್ಬೆಲ್ ಬಾಯಲ್ಲಿ ‘ಚಿನ್ನ’ವೂ ಇಲ್ಲ, ನಗೆಯೂ ಇಲ್ಲ.

ಕೊನೆಯ ಗುಳಿಗೆ ಇಬ್ಬರೂ ಸಮ. ಕಡಲ ಗಾಳಿ ಟೋಪಿ ಕೀಳುವಂತಿತ್ತು. ಎಫಿ ಕೊಚ್ಚಲಿಲ್ಲ, ಬೀಸಿದಳು. ಚೆಂಡು ಗಾಳಿಯ ಕೆಳಗೇ ತಗ್ಗಿ ಓಡಿ ಗುಳಿಗೆ ಮೂರಡಿಯಲ್ಲಿ ನಿಂತಿತು. ಇಷ್ಬೆಲ್ ತನ್ನ ಆಟ ಮುಗಿಸಿಯಾಗಿತ್ತು. ಇದೊಂದು ಬಿದ್ದರೆ ಬಟ್ಟಲು ಎಫಿಯದು.

“ಏನಾದ್ರೂ ಹೇಳ್ತೀಯಾ, ಇಷ್ಬೆಲ್?”

ಇಷ್ಬೆಲ್ ತನ್ನ ಬೂಟು ನೋಡಿಕೊಂಡಳು.

ಎಫಿ ಕೋಲು ಹಿಡಿದು ನಿಂತಳು. ಅವಳ ಕೈಗೆ ಇದು ದಿನದ ನೂರರಲ್ಲಿ ಒಂದು. ತಳ್ಳಿತು.

ಟಣಕ್!

ಅಂಚಿನಲ್ಲಿ ನಿಂತು ನೋಡುತ್ತಿದ್ದ ವಾಟಿ ತನ್ನ ಟೋಪಿಯನ್ನು ತಾನೇ ಗಾಳಿಗೆ ತೂರಿದ. ಎಫಿಗೆ ಕುಣಿಯಬೇಕೆನ್ನಿಸಿತು, ಐವತ್ತೆಂಟರ ಮಂಡಿಯ ಮಾತು ಕೇಳದೆ ಕುಣಿದೂಬಿಟ್ಟಳು.

ಹೋದ ವರ್ಷ ಗೆದ್ದವಳೇ ಈ ವರ್ಷದವಳಿಗೆ ಬಟ್ಟಲು ಒಪ್ಪಿಸುವುದು ಅಲ್ಲಿನ ಪದ್ಧತಿ. ಇಷ್ಬೆಲ್ ಅದನ್ನು ಮೇಜಿನ ಮೇಲೆ ಕುಕ್ಕಿ, ಬೇರೆ ಕಡೆ ನೋಡುತ್ತಾ ಗೊಣಗಿದಳು.

“ಗಾಳಿ ಜಾಸ್ತಿ ಕಣೇ, ಕೇಳಿಸ್ಲಿಲ್ಲ” ಎಂದಳು ಎಫಿ.

“ಎತ್ತಿಕೋ!” ಎಂದು ಇಷ್ಬೆಲ್ ಕಿರುಚಿದಳು.

ಎಫಿ ಎತ್ತಿಕೊಂಡಳು.